ಕರಡಿ, ರೋಬೋಟ್, ಮೂರು ತುಂಡು ರಟ್ಟು: ನನ್ನ ಅನುಭವ

ಹೋದ ದಸರಾ ರಜೆಯಲ್ಲಿ ನಮ್ಮ ಮನೆಯ ಹಾಲಿನಲ್ಲಿ ಒಂದು ಪುಟ್ಟ ರೋಬೋಟ್ ಸೋಫಾ ಪಕ್ಕದಿಂದ ಹೊರಟಿತು. ಎರಡು ತಿರುವು ತೆಗೆದುಕೊಂಡು ಅತ್ತೆಯ ಕಾಲ ಹತ್ತಿರ ನಿಂತಿತು. ಅದರ ಬೆನ್ನ ಮೇಲೆ ನಾಲ್ಕು ಕಡಲೆಕಾಯಿ. ದಾರಿ ಹೇಳಿದವಳು ಮಗಳು, ಬಟನ್ ಒತ್ತಿದವಳು ನಾನು. ಕಣ್ಣು ಕಾಣುವ ದೊಡ್ಡವರು ಯಾರೂ ಟ್ಯಾಬ್ ಮುಟ್ಟಲಿಲ್ಲ.

ಇಷ್ಟಕ್ಕೆ ಎಂಟು ತಿಂಗಳು ಹಿಡಿಯಿತು. ಖರ್ಚು 16,000 ರೂಪಾಯಿ ದಾಟಿತು. ಅದರಲ್ಲಿ ಕಾಲು ಭಾಗ ದಂಡ.

ನಾನು ತುಮಕೂರಿನಲ್ಲಿ ಬ್ಯಾಂಕ್ ಗುಮಾಸ್ತೆ. ನನಗೂ ನಮ್ಮನೆಯವರಿಗೂ ಕಣ್ಣು ಏನೂ ಕಾಣುವುದಿಲ್ಲ. ಫೋನ್ ಬಳಸುವುದು ಟಾಕ್‌ಬ್ಯಾಕ್ ಇಟ್ಟುಕೊಂಡು, ಅಂದರೆ ಪರದೆ ಮೇಲಿನದನ್ನು ಓದಿ ಹೇಳುವ ಆಂಡ್ರಾಯ್ಡ್ ಸೌಲಭ್ಯ. ಮಗಳಿಗೆ ನಾಲ್ಕೂವರೆ ವರ್ಷ, ಅವಳಿಗೆ ಚೆನ್ನಾಗಿ ಕಾಣುತ್ತದೆ. ಆಪ್ ಇರುವ ಆಟಿಕೆ ತರುತ್ತೇನೆ ಅಂದಾಗ ಅತ್ತೆ, "ಪಕ್ಕದ ಮನೆ ಹುಡುಗನ್ನ ಕರೆದರಾಯ್ತಲ್ಲಮ್ಮ, ಒಂದು ನಿಮಿಷದ ಕೆಲಸ" ಅಂದರು. ಮೈದುನ ಸಾಫ್ಟ್‌ವೇರ್‌ನವನು. ಅವನದು ಇನ್ನೂ ಖಡಕ್ಕು. "ಅತ್ತಿಗೆ, ಈ ಆಪ್‌ಗಳೆಲ್ಲ ಯೂನಿಟಿ ಅನ್ನೋ ಗೇಮ್ ಮಾಡುವ ಸಾಫ್ಟ್‌ವೇರಿನಲ್ಲಿ ಮಾಡಿದ್ದು. ನಿಮ್ಮ ಟಾಕ್‌ಬ್ಯಾಕ್‌ಗೆ ಅದು ಗೋಡೆ ಇದ್ದ ಹಾಗೆ. ಬಿಟ್ಟುಬಿಡಿ." ನಮ್ಮ ಹಾಗೇ ಕಣ್ಣು ಕಾಣದ ಗೆಳತಿಯರು ಕೊಟ್ಟ ಸಲಹೆ ಮಾತ್ರ ನನಗೆ ಹಿಡಿಸಲೇ ಇಲ್ಲ. "ಮಗು ಕೈಗೇ ಫೋನ್ ಕೊಡು, ಅದೇ ಓದಿ ಒತ್ತುತ್ತೆ." ಯಾಕೆ ಕೊಡಬೇಕು? ಅವಳು ನನ್ನ ಮಗಳು, ನನ್ನ ರೀಡರ್ ಅಲ್ಲ.

ಮೊದಲು ತಂದಿದ್ದು ಮಾತಾಡುವ ಕರಡಿ. 2,800 ಚಿಲ್ಲರೆ. ಕಥೆ ಇಳಿಸಿಕೊಳ್ಳಲು ವೈಫೈ, ಫೋನಿನಿಂದ ಹಾಡು ಹಾಕಲು ಬ್ಲೂಟೂತ್. ವೈಫೈಗೆ ಸೇರಿಸಲು ಎರಡು ಭಾನುವಾರ ಹೋಯಿತು. ಇಂಥ ಆಟಿಕೆಗಳಲ್ಲಿ ಬಹಳಷ್ಟಕ್ಕೆ ವೈಫೈಯ ಎರಡು ಬ್ಯಾಂಡ್‌ಗಳಲ್ಲಿ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, 5 ಅಂದರೆ ಕಿವುಡು. ನಮ್ಮ ರೂಟರ್‌ನಲ್ಲಿ ಎರಡಕ್ಕೂ ಒಂದೇ ಹೆಸರಿಟ್ಟಿದ್ದರು. ಕೊನೆಗೆ ನಮ್ಮನೆಯವರ ಹಳೇ ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿ, ಬ್ಯಾಂಡ್ 2.4ಕ್ಕೆ ಇಳಿಸಿ, ನನ್ನ ಫೋನನ್ನೂ ಕರಡಿಯನ್ನೂ ಅದಕ್ಕೇ ಸೇರಿಸಿದೆ. ಎರಡು ಫೋನ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಕರಡಿ ಕಿವಿಯಲ್ಲಿ ಲೈಟ್ ಮಿನುಗಿದರೆ ಹುಡುಕುತ್ತಿದೆ ಅಂತ, ನಿಂತರೆ ಸಿಕ್ಕಿತು ಅಂತ. ಲೈಟ್ ಡಿಟೆಕ್ಟರ್ ಆಪ್ ಹಾಕಿ, ಕ್ಯಾಮೆರಾವನ್ನು ಕಿವಿಗೆ ಒತ್ತಿ ಹಿಡಿದೆ. ಕುಂಯ್ ಕುಂಯ್ ಅಂತ ಏರಿಳಿದರೆ ಮಿನುಗುತ್ತಿದೆ, ಒಂದೇ ಸಮ ಕುಂಯ್ ಅಂದರೆ ನಿಂತಿದೆ. ಕೋಣೆಯ ದೀಪ ಆರಿಸಿರಬೇಕು. ಹಗಲಲ್ಲಿ ಮಾಡಿ ನಾನು ಒಂದು ಗಂಟೆ ಕಳೆದೆ.

ಸರಿ, ಬ್ಲೂಟೂತ್ ಕೂಡಿಕೊಂಡಿತು. ಮಗಳು ಕರಡಿಯನ್ನು ತೊಡೆ ಮೇಲೆ ಇಟ್ಟುಕೊಂಡು ಕಾಯುತ್ತಾ ಕೂತಿದ್ದಳು. ನಾನು ಆಪ್ ತೆರೆದು ಬೆರಳು ಬಲಕ್ಕೆ ಸರಿಸಿದೆ. ಕರಡಿ ಗಂಭೀರವಾಗಿ, "ಅನ್‌ಲೇಬಲ್ಡ್ ಬಟನ್" ಅಂದಿತು. ಇನ್ನೊಮ್ಮೆ ಸರಿಸಿದೆ. "ಅನ್‌ಲೇಬಲ್ಡ್ ಬಟನ್." ಹೆಸರು ಕೊಡದ ಬಟನ್ ಸಿಕ್ಕರೆ ಟಾಕ್‌ಬ್ಯಾಕ್ ಹೇಳುವುದು ಹಾಗೆ. ಫೋನಿನ ದನಿಯೆಲ್ಲ ಕರಡಿ ಹೊಟ್ಟೆಯಿಂದ ಬರುತ್ತಿತ್ತು! ಮಗಳಿಗೆ ಖುಷಿಯೋ ಖುಷಿ. ಅವತ್ತಿನಿಂದ ಕರಡಿಯ ಹೆಸರು ಬಟನ್. ಕಥೆ ಮಾತ್ರ ಒಂದೂ ಬರಲಿಲ್ಲ.

ಯಾಕೆ ಅಂದರೆ ಪೇರೆಂಟ್ ಗೇಟ್. ಮಕ್ಕಳು ಒಳಗೆ ಹೋಗಬಾರದು ಅಂತ ಮಕ್ಕಳ ಆಪ್‌ಗಳಲ್ಲಿ ಒಂದು ಬಾಗಿಲು ಇಡುತ್ತಾರಲ್ಲ, ಅದು. ಒಂದು ಕಡೆ ಚಿತ್ರದಲ್ಲಿ ಬರೆದ ಮಗ್ಗಿ ಲೆಕ್ಕ, ಇನ್ನೊಂದು ಕಡೆ ಎರಡು ಬೆರಳಲ್ಲಿ ಮೇಲಕ್ಕೆ ಎಳೆಯಿರಿ ಅನ್ನುವುದು. ಎರಡು ಬೆರಳಿನ ಎಳೆತವನ್ನು ಟಾಕ್‌ಬ್ಯಾಕ್ ನುಂಗಿಬಿಡುತ್ತದೆ. ನಾಲ್ಕೂವರೆ ವರ್ಷದವಳು ಆಟ ಆಡುತ್ತಾ ಆ ಬಾಗಿಲು ತೆಗೆದಳು. ಮೂವತ್ತೆರಡು ವರ್ಷದ ತಾಯಿ ಹೊರಗೆ ನಿಂತಿದ್ದೆ. ಮುಂದೆ ಇದಕ್ಕೂ ದಾರಿ ಕಂಡುಕೊಂಡೆ. ವಾಲ್ಯೂಮ್ ಕೀ ಎರಡೂ ಒತ್ತಿ ಟಾಕ್‌ಬ್ಯಾಕ್ ಆರಿಸು, ಎಳೆ, ಮತ್ತೆ ಹಾಕು. ಲೆಕ್ಕ ಇದ್ದರೆ ಜಿಯೆಶುವೋ ಅನ್ನುವ ಇನ್ನೊಂದು ಸ್ಕ್ರೀನ್ ರೀಡರಿನ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಸೌಲಭ್ಯ, ಓದುತ್ತದೆ. ಆದರೆ ಬಾಗಿಲಾಚೆ ಹುಟ್ಟಿದ ತಾರೀಖು ಕೇಳುವ ತಿರುಗಣಿ ಇತ್ತು. ಅದು ನನ್ನ ಮಗಳನ್ನು 1900ನೇ ಇಸವಿಯಲ್ಲಿ ಹುಟ್ಟಿಸಿತು. ಕರಡಿಯನ್ನು ಮೂಲೆಗಿಟ್ಟೆ.

ಎರಡನೆಯದು ಕಾರ್ಡ್ ಆಟ, 1,300 ರೂಪಾಯಿ. ಕಾರ್ಡನ್ನು ಕ್ಯಾಮೆರಾಗೆ ತೋರಿಸಿದರೆ ಪರದೆ ಮೇಲೆ ಪ್ರಾಣಿ ಎದ್ದು ನಿಲ್ಲುತ್ತದಂತೆ. ಮಗಳು ಕುಣಿದಳು. ನಾನು ಫೋನ್ ಹಿಡಿಯುವ ಸ್ಟ್ಯಾಂಡ್ ಆದೆ ಅಷ್ಟೇ. ಅದನ್ನು ನಾದಿನಿಯ ಮಗನಿಗೆ ಕೊಟ್ಟುಬಿಟ್ಟೆ.

ಇಲ್ಲಿಂದ ಬುದ್ಧಿ ಬಂತು. ಈಗ ಆಟಿಕೆ ಕೊಳ್ಳುವ ಮೊದಲು ಅದರ ಆಪ್ ಇಳಿಸುತ್ತೇನೆ. ಅದು ಪುಕ್ಕಟೆ ತಾನೇ? ಆಟಿಕೆ ಇಲ್ಲದಿದ್ದರೂ ಮೂರು ನಾಲ್ಕು ಪುಟ ತೆರೆಯುತ್ತದೆ. ಬಟನ್ ಬಟನ್ ಅಂದರೂ ಪರವಾಗಿಲ್ಲ, ಟಾಕ್‌ಬ್ಯಾಕಿನಲ್ಲಿ ನಾವೇ ಹೆಸರು ಕೊಟ್ಟು ಕಸ್ಟಮ್ ಲೇಬಲ್ ಅಂಟಿಸಿಕೊಳ್ಳಬಹುದು. ಏನೂ ಹೇಳದೆ ಸುಮ್ನೆ ಇದ್ದರೆ ಮೈದುನ ಹೇಳಿದ ಗೋಡೆ ಅದೇ. ಯೂನಿಟಿಯವರು 2023.2 ಆವೃತ್ತಿಯಿಂದ ಟಾಕ್‌ಬ್ಯಾಕ್‌ಗೂ ಐಫೋನಿನ ವಾಯ್ಸ್‌ಓವರ್‌ಗೂ ದಾರಿ ಬಿಟ್ಟಿದ್ದಾರೆ, ನಿಜ. ಆದರೆ ಆಪ್ ಮಾಡುವವರು ಅದನ್ನು ಬಳಸಬೇಕಲ್ಲ.

ರೋಬೋಟಿನ ಆಪ್ ಕೂಡ ಗೋಡೆಯೇ. ಆದರೂ 4,500 ಕೊಟ್ಟು ತಂದೆ. ಒಂದೇ ಕಾರಣಕ್ಕೆ: ಟಾಕ್‌ಬ್ಯಾಕ್ ಆಫ್ ಮಾಡಿ ಪರದೆ ಸವರಿದಾಗ ಪ್ರತಿ ಬಟನ್ನಿಗೂ ಬೇರೆ ಬೇರೆ ಸದ್ದು ಬಂತು. ಸದ್ದು ಇದೆ ಅಂದರೆ ಜಾಗ ಸಿಗುತ್ತದೆ. ಬಾಣದ ಗುರುತುಗಳು ಯಾವತ್ತೂ ಒಂದೇ ಕಡೆ ಇದ್ದವು. ಜಾಗ ಬದಲಾಗದ ಬಟನ್‌ಗೆ ಟಾಕ್‌ಬ್ಯಾಕ್ ಯಾಕೆ ಬೇಕು? ಮಿಕ್ಸಿ ಬಟನ್ ಯಾರಾದರೂ ಓದಿ ಹೇಳುತ್ತಾರಾ?

ಈ ಆಪ್ ಹಾಕಲು ಅಂತ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೇ ಟ್ಯಾಬ್ ಒಂದನ್ನು 5,000ಕ್ಕೆ ತಂದೆವು. ಅಂಗಡಿಯವನು ಬೆಲೆಯನ್ನು ನನಗೆ ಹೇಳದೆ ಜೊತೆಗೆ ಬಂದ ಆಟೋದವರಿಗೆ ಹೇಳಿದ. ಚೌಕಾಸಿ ನಾನೇ ಮಾಡಿದೆ. 700 ಇಳಿಸಿದ ಮೇಲಿನ ಲೆಕ್ಕ ಇದು.

ಬಟನ್‌ಗಳ ಜಾಗ ಬೆರಳಿಗೆ ಸಿಗಲಿ ಅಂತ ಮೊದಲು ಓಎಚ್‌ಪಿ ಶೀಟಿನಲ್ಲಿ, ಅಂದರೆ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ, ತೂತು ಕೊರೆದು ಪರದೆ ಮೇಲಿಟ್ಟೆ. ತೂತಿನಲ್ಲಿ ಮಾತ್ರ ಬೆರಳು ತಾಗುತ್ತದೆ ಅಂದುಕೊಂಡಿದ್ದೆ. ತೆಳು ಪ್ಲಾಸ್ಟಿಕ್ಕಿನ ಮೂಲಕವೂ ಪರದೆಗೆ ಬೆರಳು ಗೊತ್ತಾಗುತ್ತದೆ. ಅಂಗೈ ಇಟ್ಟ ಕಡೆಯೆಲ್ಲ ಒತ್ತಿಕೊಂಡು ರೋಬೋಟ್ ಗಿರಗಿರ ತಿರುಗಿತು. ಆಮೇಲೆ ಫೈಲಿನ ರಟ್ಟು. ಅದೂ ತೆಳುವಾಯಿತು. ಕೊನೆಗೆ ಗೆದ್ದಿದ್ದು ಕಿರಾಣಿ ಅಂಗಡಿಯ ಡಬ್ಬದ ರಟ್ಟು, ಒಳಗೆ ಅಲೆ ಅಲೆಯಾಗಿ ಇರುತ್ತದಲ್ಲ, ಅದು. ದಪ್ಪ ಮೂರು ಮಿಲಿಮೀಟರ್ ಇರಬಹುದು. ಅಂಗೈ ಊರಿದರೂ ಪರದೆಗೆ ಸುಳಿವಿಲ್ಲ. ಐದು ರೂಪಾಯಿ ನಾಣ್ಯದಷ್ಟು ತೂತು. ತೂತಿನ ಅಂಚಿಗೆ ಗುರುತು ಬೇಕಿತ್ತು, ಹಣೆಗಿಡುವ ಕಲ್ಲಿನ ಸ್ಟಿಕರ್ ಅಂಟಿಸಿದೆ. ಮುಂದಕ್ಕೆ ಒಂದು, ಹಿಂದಕ್ಕೆ ಎರಡು, ಎಡ ಬಲಕ್ಕೆ ಏನೂ ಇಲ್ಲ. ಸ್ಟಾರ್ಟ್ ಬಟನ್ನಿಗೆ ಮದುವೆ ಮನೆಗೆ ಹಾಕುವ ದೊಡ್ಡ ಸ್ಟಿಕರ್.

ಅಳತೆಗೆ ಬ್ರೈಲ್ ಸ್ಲೇಟ್ ಬಳಸಿದೆ. ಬ್ರೈಲ್ ಚುಕ್ಕೆ ಒತ್ತಲು ಸಮ ಸಮ ಕೋಶಗಳಿರುವ ಪಟ್ಟಿ ಅದು. ಟ್ಯಾಬಿನ ಅಂಚಿಗೆ ಸ್ಲೇಟ್ ಜೋಡಿಸು, ಕೋಶ ಎಣಿಸುತ್ತಾ ಬೆರಳು ಸರಿಸು, ಸದ್ದು ಬಂದ ಕೋಶ ಬರೆದಿಡು. ಚಿತ್ರ ವಿವರಿಸುವ ಒಂದು ಆಪ್‌ಗೆ ಸ್ಕ್ರೀನ್‌ಶಾಟ್ ಕೊಟ್ಟೂ ನೋಡಿದೆ. ಎಡ ಬಾಣ ಬಲಕ್ಕಿದೆ ಅಂತ ಬಹಳ ಧೈರ್ಯವಾಗಿ ಹೇಳಿತು. ಕೊನೆಗೊಮ್ಮೆ ಖಚಿತ ಮಾಡಿಕೊಳ್ಳಲು ಬಿ ಮೈ ಐಸ್‌ನಲ್ಲಿ ಕರೆ ಮಾಡಿದೆ. ಕಣ್ಣು ಕಾಣುವ ಸ್ವಯಂಸೇವಕರು ವಿಡಿಯೋ ಕರೆಯಲ್ಲಿ ನೋಡಿ ಹೇಳುವ ಆಪ್ ಅದು. ಕನ್ನಡದವರೇ ಸಿಕ್ಕರು. ನನ್ನ ಲೆಕ್ಕದಲ್ಲಿ ತಪ್ಪಿದ್ದು ಅರ್ಧ ಕೋಶ.

ರಟ್ಟು ಜಾರದಂತೆ ಕೂರಿಸುವುದೇ ದೊಡ್ಡ ಕಷ್ಟ. ಡಬಲ್ ಟೇಪ್ ಒಂದು ವಾರಕ್ಕೆ ಸೋತಿತು, ರಬ್ಬರ್ ಬ್ಯಾಂಡ್ ವಾಲ್ಯೂಮ್ ಕೀ ಒತ್ತಿ ಟಾಕ್‌ಬ್ಯಾಕ್ ಎಬ್ಬಿಸಿತು. ಈಗ ಅತ್ತೆಯ ಅಡುಗೆಮನೆಯಿಂದ ಕದ್ದ ಒಂದು ವಸ್ತು ಬಳಸುತ್ತಿದ್ದೇನೆ, ಅಲ್ಲಾಡುವುದಿಲ್ಲ. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ. ಅತ್ತೆಗೆ ಇನ್ನೂ ಗೊತ್ತಿಲ್ಲ.

ರಟ್ಟು ಮೂರು: ಮೊದಲ ಪುಟಕ್ಕೆ, ಬಾಣದ ಪುಟಕ್ಕೆ, ಹಾಡಿನ ಪುಟಕ್ಕೆ. ಮೂಲೆಯಲ್ಲಿ ಬ್ರೈಲ್ ಅಂಕಿಯ ಚೀಟಿ. ಟ್ಯಾಬ್ ತಿರುಗಿದರೆ ಪರದೆ ತಿರುಗಬಾರದು, ಆಟೋ ರೊಟೇಟ್ ಆಫ್ ಮಾಡಿಡಿ. ಆಪ್ ಪಿನ್ ಮಾಡಿ, ಇಲ್ಲದಿದ್ದರೆ ಕೈ ಅಂಚಿಗೆ ತಾಗಿ ಹೊರಗೆ ಬಂದುಬಿಡುತ್ತೀರಿ. ಎಲ್ಲಕ್ಕಿಂತ ಮುಖ್ಯ, ಪ್ಲೇ ಸ್ಟೋರಿನಲ್ಲಿ ಆಟೋ ಅಪ್‌ಡೇಟ್ ಆಫ್. ಒಂದು ರಾತ್ರಿ ಅದು ತಾನಾಗಿ ಅಪ್‌ಡೇಟ್ ಆಗಿ ಬಾಣಗಳನ್ನೆಲ್ಲ ಬೆರಳಗಲ ಮೇಲಕ್ಕೆ ತಳ್ಳಿತು. ಮೂರೂ ರಟ್ಟು ಮತ್ತೆ ಕೊರೆದೆ. ಬಾಯಿಗೆ ಬಂದಿದ್ದನ್ನು ಮಗಳ ಮುಂದೆ ಅನ್ನಲಿಲ್ಲ, ಅಷ್ಟೇ.

ರೋಬೋಟ್ ಎಲ್ಲಿದೆ ಅಂತ ತಿಳಿಯುವುದು ಬೇರೆ ಸಮಸ್ಯೆ. ನುಣುಪು ನೆಲದ ಮೇಲೆ ಅದು ಬೆಕ್ಕಿನ ಹಾಗೆ ಓಡಾಡುತ್ತದೆ. ನಮ್ಮನೆಯವರು ಎರಡು ಸಲ ತುಳಿದರು, ಒಂದು ಚಕ್ರ ಸೊಟ್ಟಗಾಯಿತು. ಮಗಳಿಗೆ ಈಗ ಚಿಕ್ಕದಾಗಿರುವ ಕಾಲ್ಗೆಜ್ಜೆಯನ್ನು ರೋಬೋಟಿಗೆ ಕಟ್ಟಿದೆ. ಹಿಂಭಾಗಕ್ಕೆ ಕಟ್ಟಿದ್ದಕ್ಕೆ ಚಕ್ರಕ್ಕೆ ಸುತ್ತಿಕೊಂಡಿತು, ತಲೆ ಮೇಲೆ ಅಂಟಿಸಿದೆ. ಈಗ ಝಲ್ ಝಲ್ ಅಂತ ಬರುತ್ತದೆ. ಹಾಲಿನ ಟೈಲ್ಸ್ ಎರಡು ಅಡಿಯದು, ರೋಬೋಟಿನ ಒಂದು ಹೆಜ್ಜೆ ಅಂದಾಜು ಅರ್ಧ ಅಡಿ. ನಾಲ್ಕು ಒತ್ತಿದರೆ ಒಂದು ಟೈಲ್. ಸಂದು ಕಾಲ್ಬೆರಳಿಗೆ ಸಿಗುತ್ತದೆ, ಹಾಗಾಗಿ ಎಣಿಕೆಯಲ್ಲಿ ಮಗಳಿಗಿಂತ ನಾನೇ ಮುಂದೆ. ಅವಳು "ಅಮ್ಮಾ, ಇನ್ನೆರಡು" ಅನ್ನುತ್ತಾಳೆ, ನಾನು ಮೂರು ಅನ್ನುತ್ತೇನೆ. ಹೆಚ್ಚು ಸಲ ಮೂರೇ ಸರಿ.

ನಡುವೆ ಚನ್ನಪಟ್ಟಣದ ಗೊಂಬೆಗಳ ಮೇಲೂ ಕೈ ಆಡಿಸಿದೆ. ಆಲೆ ಮರದ ಗೊಂಬೆ, ಅರಗಿನ ಬಣ್ಣ, ಕೈಗೆ ಹಿತ. ತಳಕ್ಕೆ ಎನ್‌ಎಫ್‌ಸಿ ಸ್ಟಿಕರ್, ಅಂದರೆ ಫೋನ್ ಓದಬಲ್ಲ ಪುಟ್ಟ ಚಿಪ್ ಇರುವ ಸ್ಟಿಕರ್, ಹಾಕಿ, ಫೋನ್ ತಾಗಿಸಿದರೆ ನಮ್ಮ ಅಜ್ಜಿ ಹೇಳಿದ ಕಥೆ ಬರುವಂತೆ ಮಾಡಿದೆ. ಎನ್‌ಟ್ಯಾಗ್213 ಅನ್ನುವ ಬಗೆಯ ಸ್ಟಿಕರಿನಲ್ಲಿ 144 ಬೈಟ್ ಮಾತ್ರ ಜಾಗ, ದನಿ ಹಿಡಿಸುವುದಿಲ್ಲ. ಗುರುತು ಅದರಲ್ಲಿ, ದನಿ ಫೋನಿನಲ್ಲಿ. ಸ್ಟೀಲ್ ಡಬ್ಬಿಗೆ ಅಂಟಿಸಿದ್ದು ಓದಲೇ ಇಲ್ಲ, ಲೋಹಕ್ಕೆ ಬೇರೆ ಥರದ್ದು ಬೇಕು. ಒಂದನ್ನು ಮಗಳು ಕಿತ್ತು ಬಾಯಿಗೆ ಹಾಕಿಕೊಂಡಳು. ಅವತ್ತೇ ಎಲ್ಲ ಕಿತ್ತುಹಾಕಿದೆ. ಆಮೇಲೆ ಮಾತಾಡುವ ಪೆನ್ನು ತಂದೆ, 2,200 ಇರಬೇಕು, ಆಪ್ ಗೀಪ್ ಏನೂ ಬೇಡ. ಪುಟದ ಮೇಲೆ ಆಡಿಸಿದರೆ ಹಸು, ಕೋಳಿ ಅಂತ ಹೇಳುತ್ತದೆ. ಅದರ ಜೊತೆ ಬಂದ ಖಾಲಿ ಸ್ಟಿಕರ್‌ಗೆ ನನ್ನ ದನಿಯಲ್ಲೇ ಕನ್ನಡ ತುಂಬಿದೆ. ಸತ್ಯ ಹೇಳಬೇಕು ಅಂದರೆ ಮಗಳು ಜಾಸ್ತಿ ಆಡುವುದು ಅದರ ಜೊತೆಗೇ. ರೋಬೋಟ್ ನನ್ನ ಹಟ.

ದುಡ್ಡಿನ ಲೆಕ್ಕ ಒಟ್ಟು ಹಾಕಿದರೆ ಸ್ಟಿಕರ್, ಟೇಪ್, ಬ್ಯಾಟರಿಗೆ ಇನ್ನೊಂದು 600. ಹೊರಗಿನ ಆಟಿಕೆ ತರಿಸೋಣ ಅಂದರೆ ಸುಂಕ ನೋಡಿ ಕೈಬಿಟ್ಟೆ. 2020ರಲ್ಲಿ ಶೇಕಡಾ 20 ಇದ್ದದ್ದನ್ನು 60 ಮಾಡಿದರು, 2023ರಲ್ಲಿ 70. ಇಲ್ಲಿನದ್ದನ್ನೇ ಐಎಸ್‌ಐ ಗುರುತು ಇದೆಯಾ ಅಂತ ಕೇಳಿ ತನ್ನಿ, 2021ರಿಂದ ಆಟಿಕೆಗೆ ಅದು ಕಡ್ಡಾಯ. ಗುಂಡಿ ಸೆಲ್ ಇರುವುದು ಬೇಡವೇ ಬೇಡ. ನೆಲಕ್ಕೆ ಬಿದ್ದರೆ ನಮಗಿಂತ ಮೊದಲು ಮಗುವಿಗೆ ಸಿಗುತ್ತದೆ.

ಮೈಕ್ ಇರುವ ಗೊಂಬೆ ಅಂದರೆ ನನಗೆ ಸ್ವಲ್ಪ ಅಳುಕು. 2017ರಲ್ಲಿ ಜರ್ಮನಿಯವರು ಕೇಲಾ ಅನ್ನುವ ಮಾತಾಡುವ ಗೊಂಬೆಯನ್ನೇ ನಿಷೇಧಿಸಿದರು. ಹತ್ತಿರ ಇದ್ದವರು ಯಾರು ಬೇಕಾದರೂ ಬ್ಲೂಟೂತಿನಲ್ಲಿ ಕೂಡಿಕೊಂಡು ಕೇಳಿಸಿಕೊಳ್ಳಬಹುದಿತ್ತು. ಲೈಟ್ ಉರಿಯುತ್ತಿದೆಯಾ ಅಂತ ನನಗೆ ಕಾಣದಲ್ಲ, ರಾತ್ರಿ ಕರಡಿಯ ಬ್ಯಾಟರಿ ತೆಗೆದೇ ಮಲಗುತ್ತೇನೆ.

ಕರಡಿ ಏನಾಯಿತು ಅಂದರೆ, ಕಥೆ ಬರದಿದ್ದರೂ ಸ್ಪೀಕರ್ ಆಗಿ ಚೆನ್ನಾಗಿದೆ ಅಂತ ಅಡುಗೆಮನೆ ಶೆಲ್ಫಿನಲ್ಲಿ ಇಟ್ಟುಕೊಂಡಿದ್ದೆ. ಒಗ್ಗರಣೆ ಹಾಕುತ್ತಾ ವಾಟ್ಸಾಪ್ ಕೇಳಬಹುದು. ಮೊನ್ನೆ ಮೈದುನ ತನ್ನ ಆಫೀಸಿನವರನ್ನು ಊಟಕ್ಕೆ ಕರೆದುಕೊಂಡು ಬಂದಿದ್ದ, ನನ್ನ ರಟ್ಟು ತೋರಿಸಲು. ಎಲ್ಲರೂ ಕೂತಿರುವಾಗ ಬಟನ್ ಗಟ್ಟಿ ದನಿಯಲ್ಲಿ ನನ್ನ ಬ್ಯಾಂಕಿನ ಓಟಿಪಿ ಓದಿತು, ಕೊನೆಯ ಅಂಕಿವರೆಗೂ. ಈಗ ಹಗಲಲ್ಲೂ ಅದರ ಬ್ಯಾಟರಿ ನನ್ನ ಒಗ್ಗರಣೆ ಡಬ್ಬಿಯಲ್ಲಿದೆ.