ಬಂಕಿನ ಬೋರ್ಡಿನ ದರವನ್ನು ಬಿಡಿಸಿ ನೋಡುವುದು ಹೇಗೆ?

ಸಿಂಧನೂರಿನ ಸುತ್ತ ಭತ್ತದ ಕೊಯ್ಲು ಶುರುವಾದರೆ ಬಂಕುಗಳ ಮುಂದೆ ಕ್ಯಾನುಗಳ ಸಾಲು ಹತ್ತುತ್ತದೆ. ಕೊಯ್ಯುವ ಮಷಿನ್ ಗದ್ದೆಯಲ್ಲಿ ನಿಂತಿರುತ್ತದೆ, ಡೀಸೆಲ್ಲೇ ಅದರ ಹತ್ತಿರ ಹೋಗಬೇಕು. ಕಳೆದ ಕೊಯ್ಲಿನಲ್ಲಿ ನಮ್ಮ ಕಾಕಾ ಎರಡು ಕ್ಯಾನು ತುಂಬಿಸಿಕೊಂಡು ಬೋರ್ಡಿನತ್ತ ಕೈ ತೋರಿಸಿ ಕೇಳಿದರು: “ಅಲ್ಲೋ, ಕಚ್ಚಾ ತೈಲ ಇಳದದ ಅಂತ ಟೀವ್ಯಾಗ ಹೇಳ್ಯಾರ. ಇಲ್ಲಿ ಯಾಕ ಒಂದ್ ಪೈಸಾನೂ ಇಳಿದಿಲ್ಲ?”

ಬಿಲ್ಲಿನ ಹಿಂಬದಿಯಲ್ಲೇ ಲೆಕ್ಕ ಹಾಕಿ ತೋರಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಹಂತ 1: ಬ್ಯಾರೆಲ್ ಲೆಕ್ಕವನ್ನು ಲೀಟರಿಗೆ ತನ್ನಿ

ಸುದ್ದಿಯಲ್ಲಿ ಬರುವ ದರ ಒಂದು ಬ್ಯಾರೆಲ್ಲಿನದು, ಅದೂ ಡಾಲರಿನಲ್ಲಿ. ಬ್ಯಾರೆಲ್ ಅಂದರೆ 159 ಲೀಟರ್. ದರವನ್ನು ಅಂದಿನ ಡಾಲರಿನ ಬೆಲೆಯಿಂದ ಗುಣಿಸಿ, 159ರಿಂದ ಭಾಗಿಸಿ. ಬ್ಯಾರೆಲ್‌ಗೆ 70 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ ಲೀಟರಿಗೆ 37 ರೂ. 42 ಪೈಸೆ. ಬ್ಯಾರೆಲ್ ಒಂದು ಡಾಲರ್ ಏರಿದರೆ ಲೀಟರಿಗೆ 53 ಪೈಸೆ ಏರುತ್ತದೆ. ತೈಲ ಇದ್ದಲ್ಲೇ ಇದ್ದು ಡಾಲರ್ 85ರಿಂದ 86 ರೂಪಾಯಿಗೆ ಹೋದರೂ ಸಾಕು, 44 ಪೈಸೆ ಹೆಚ್ಚಾಗುತ್ತದೆ. ನಾವು ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಹೊರದೇಶದ್ದು. ಹಾಗಾಗಿ ರೂಪಾಯಿ ಸೋತಷ್ಟೂ ನಮ್ಮ ಕ್ಯಾನು ತುಟ್ಟಿ.

ಯಾವ ದರ ನೋಡಬೇಕು ಎನ್ನುವುದೂ ಮುಖ್ಯ. ಒಮಾನ್, ದುಬೈ ಮತ್ತು ಬ್ರೆಂಟ್ (ಯುರೋಪಿನ ಉತ್ತರ ಸಮುದ್ರದ ತೈಲ) ತೈಲಗಳನ್ನು ಸೇರಿಸಿ ಲೆಕ್ಕ ಹಾಕುವ ‘ಇಂಡಿಯನ್ ಬಾಸ್ಕೆಟ್’ ದರ ನಮ್ಮದು. 2020ರ ಏಪ್ರಿಲ್ 20ರಂದು ಕಚ್ಚಾ ತೈಲ ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರಿಗೆ ಇಳಿಯಿತು ಎಂಬ ಸುದ್ದಿ ಎಲ್ಲರಿಗೂ ನೆನಪಿರಬೇಕು. ಅದು ಅಮೆರಿಕದ ತೈಲದ ಮುಂಗಡ ವ್ಯಾಪಾರದ ದರ. ಅಲ್ಲಿ ತೈಲ ತುಂಬಿಡಲು ಟ್ಯಾಂಕುಗಳೇ ಸಿಗದ ಪರಿಸ್ಥಿತಿ ಬಂದಿತ್ತು.

ಹಂತ 2: ಬ್ಯಾರೆಲ್ ಯಾಕೆ ಏರುತ್ತದೆ ಎಂದು ಕೇಳಿಕೊಳ್ಳಿ

ಇದಕ್ಕೆ ಗದ್ದೆಯಲ್ಲೇ ಉತ್ತರವಿದೆ. ಭತ್ತ ಮಾಗಿ ನಿಂತಾಗ, ಆಕಾಶದಲ್ಲಿ ಮೋಡ ಕಂಡಾಗ, ಡೀಸೆಲ್ ಐದು ರೂಪಾಯಿ ಏರಿತೆಂದು ಯಾರೂ ಕೊಯ್ಲು ನಿಲ್ಲಿಸುವುದಿಲ್ಲ. ಲಾರಿಯವರೂ ಅಷ್ಟೆ, ಬಸ್ಸಿನವರೂ ಅಷ್ಟೆ. ಜಗತ್ತಿನಲ್ಲೆಲ್ಲ ಹೀಗೇ ಇರುವುದರಿಂದ ತೈಲದ ಪೂರೈಕೆ ಸ್ವಲ್ಪವೇ ಕಮ್ಮಿಯಾದರೂ ದರ ಮಾತ್ರ ಬಹಳ ಏರುತ್ತದೆ.

ಇದು ತೈಲ ಮಾರುವವರಿಗೂ ಚೆನ್ನಾಗಿ ಗೊತ್ತು. 1960ರಲ್ಲಿ ಇರಾನ್, ಇರಾಕ್, ಕುವೈತ್, ಸೌದಿ ಅರೇಬಿಯಾ, ವೆನೆಜುವೆಲಾ ಬಾಗ್ದಾದಿನಲ್ಲಿ ಕೂಡಿ ಒಪೆಕ್ ಎಂಬ ತೈಲ ರಫ್ತು ದೇಶಗಳ ಕೂಟ ಕಟ್ಟಿಕೊಂಡವು. 2016ರಿಂದ ರಷ್ಯಾ ಮತ್ತಿತರ ದೇಶಗಳೂ ಅವರ ಜತೆ ಕೂತು, ಎಷ್ಟು ತೈಲ ತೆಗೆಯಬೇಕೆಂದು ಮಾತಾಡಿಕೊಳ್ಳುತ್ತವೆ. ಯುದ್ಧವಾದರಂತೂ ಮಾರುಕಟ್ಟೆ ಹೆದರಿಯೇ ಏರುತ್ತದೆ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿದ ಮೇಲೆ ಮಾರ್ಚ್ ತಿಂಗಳಲ್ಲಿ ಬ್ರೆಂಟ್ 120 ಡಾಲರ್ ದಾಟಿತ್ತು.

ಹಂತ 3: ಕಚ್ಚಾ ತೈಲ ಡೀಸೆಲ್ ಆಗುವ ಖರ್ಚು ಸೇರಿಸಿ

ಮಂಗಳೂರಿನಂಥ ಶುದ್ಧೀಕರಣ ಘಟಕದಲ್ಲಿ ಕಚ್ಚಾ ತೈಲವನ್ನು ಕಾಯಿಸಿ ಎತ್ತರದ ಗೋಪುರಕ್ಕೆ ಬಿಡುತ್ತಾರೆ. ಹಗುರವಾದ ಅಡುಗೆ ಅನಿಲ ಮೇಲೆ, ಅದರ ಕೆಳಗೆ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್, ಅಡಿಯಲ್ಲಿ ರಸ್ತೆಗೆ ಹಾಕುವ ಡಾಂಬರು. ಆದರೆ ಡೀಸೆಲ್ ದರ ನಿಗದಿಯಾಗುವುದು ಇಲ್ಲಿ ತಗುಲಿದ ಖರ್ಚಿನ ಮೇಲಲ್ಲ, ಹೊರದೇಶದ ಮಾರುಕಟ್ಟೆಯಲ್ಲಿ ಸಿದ್ಧ ಡೀಸೆಲ್ಲಿಗೆ ಎಷ್ಟಿದೆ ಎಂಬುದರ ಮೇಲೆ. ಕಚ್ಚಾ ತೈಲ ಏರದಿದ್ದರೂ ಡೀಸೆಲ್ ಏರಬಹುದಾದ ಕಾರಣ ಇದು. ಶುದ್ಧೀಕರಣ, ಸಾಗಣೆ, ಕಂಪನಿಯ ಲಾಭ ಎಲ್ಲ ಸೇರಿ ಬಂಕಿಗೆ ಮುಟ್ಟುವಾಗ ಮೂಲ ದರ 54 ರೂ. 30 ಪೈಸೆ ಎಂದು ಇಟ್ಟುಕೊಳ್ಳೋಣ.

ಹಂತ 4: ತೆರಿಗೆ ಕೂಡಿಸಿ, ಇಲ್ಲಿ ನಿಧಾನವಾಗಿ

2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ತೆರಿಗೆ ಹಿಡಿದು ಲೆಕ್ಕ ಹಾಕುತ್ತೇನೆ. ಆಮೇಲೆ ಬದಲಾಗಿದ್ದರೆ ಹೊಸ ಅಂಕಿ ಹಾಕಿಕೊಳ್ಳಿ, ದಾರಿ ಅದೇ.

ಮೂಲ ದರ 54.30. ಕೇಂದ್ರದ ಅಬಕಾರಿ ಸುಂಕ ಲೀಟರ್ ಡೀಸೆಲ್ಲಿಗೆ 17.80. ಬಂಕಿನವರ ಕಮಿಷನ್ ಮೂರು ರೂಪಾಯಿಯ ಆಸುಪಾಸು. ಕೂಡಿಸಿದರೆ 75.10. ಇದರ ಮೇಲೆ ರಾಜ್ಯದ ಮಾರಾಟ ತೆರಿಗೆ ಶೇ 21.17, ಅಂದರೆ 15.90. ಒಟ್ಟು 91 ರೂಪಾಯಿ. ಅದರಲ್ಲಿ 33.70 ತೆರಿಗೆ. ಪೆಟ್ರೋಲಿಗೆ ಕೇಂದ್ರದ ಸುಂಕ 21.90, ರಾಜ್ಯದ್ದು ಶೇ 29.84. ಅಲ್ಲಿ ತೆರಿಗೆಯ ಪಾಲು ಇನ್ನೂ ದೊಡ್ಡದು.

ಎರಡು ತೆರಿಗೆಗಳ ಸ್ವಭಾವ ಬೇರೆ ಬೇರೆ. ಕೇಂದ್ರದ್ದು ಲೀಟರಿಗೆ ಇಷ್ಟು ಎಂಬ ಗಟ್ಟಿ ಮೊತ್ತ. ರಾಜ್ಯದ್ದು ಶೇಕಡಾ ಲೆಕ್ಕ, ಅದೂ ಕೇಂದ್ರದ ಸುಂಕ, ಕಮಿಷನ್ ಎಲ್ಲ ಸೇರಿದ ಮೊತ್ತದ ಮೇಲೆ. ತೆರಿಗೆಯ ಮೇಲೂ ತೆರಿಗೆ ಬಿತ್ತು. ಡಿಪೋದಿಂದ ಟ್ಯಾಂಕರ್ ಬರುವ ಬಾಡಿಗೆ ಲೀಟರಿಗೆ ಒಂದು ರೂಪಾಯಿ ಹೆಚ್ಚಾದರೆ ಬೋರ್ಡಿನಲ್ಲಿ 1 ರೂ. 21 ಪೈಸೆ ಹೆಚ್ಚಾಗುತ್ತದೆ. ನಮ್ಮ ಊರುಗಳು ದೂರ ಇರುವುದಕ್ಕೂ ನಾವು ತೆರಿಗೆ ಕಟ್ಟುತ್ತಿದ್ದೇವೆ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಬಾಡಿಗೆಯನ್ನಾದರೂ ತೆರಿಗೆಯಿಂದ ಹೊರಗಿಡಬೇಕು.

ತೆರಿಗೆಯ ತೂಕ ಕಣ್ಣಾರೆ ಕಾಣಬೇಕೆಂದರೆ ರಾಯಚೂರಿನಿಂದ ಶಕ್ತಿನಗರದ ಕಡೆ ಹೋಗಿ ಕೃಷ್ಣಾ ನದಿ ದಾಟಿ. ಆಚೆ ತೆಲಂಗಾಣ. ಅಲ್ಲಿ ಪೆಟ್ರೋಲಿಗೆ ಶೇ 35.20, ಡೀಸೆಲ್ಲಿಗೆ ಶೇ 27 ವ್ಯಾಟ್ (ಅಲ್ಲಿನ ಮಾರಾಟ ತೆರಿಗೆ). ಅದೇ ಎಣ್ಣೆ, ಅದೇ ಕಂಪನಿ, ದರ ಮಾತ್ರ ನಮ್ಮದಕ್ಕಿಂತ ಹೆಚ್ಚು. ಆ ಕಡೆಯ ಗಾಡಿಗಳು ಈಚೆ ಬಂದು ಟ್ಯಾಂಕು ತುಂಬಿಸಿಕೊಂಡು ಹೋಗುವುದು ಅದಕ್ಕೇ.

ಹಂತ 5: ಇಳಿದ ದುಡ್ಡು ಎಲ್ಲಿ ಹೋಯಿತು, ಹುಡುಕಿ

ಕಾಕಾನ ಪ್ರಶ್ನೆ ಇದೇ. ಕಾಗದದ ಪ್ರಕಾರ ಪೆಟ್ರೋಲ್ ದರ 2010ರಿಂದ, ಡೀಸೆಲ್ ದರ 2014ರಿಂದ ಸರ್ಕಾರದ ಹಿಡಿತದಲ್ಲಿಲ್ಲ. 2017ರ ಜೂನ್ 16ರಿಂದ ದಿನಾ ಬೆಳಿಗ್ಗೆ 6 ಗಂಟೆಗೆ ದರ ಬದಲಾಗುವ ಪದ್ಧತಿಯೂ ಬಂತು. ನಡೆದದ್ದು ಬೇರೆ.

2020ರಲ್ಲಿ ಕೊರೊನಾದಿಂದ ಕಚ್ಚಾ ತೈಲ ಕುಸಿದಾಗ, ಮಾರ್ಚ್‌ನಲ್ಲಿ 3 ರೂಪಾಯಿ, ಮೇ ತಿಂಗಳಲ್ಲಿ ಡೀಸೆಲ್ ಮೇಲೆ 13, ಪೆಟ್ರೋಲ್ ಮೇಲೆ 10 ರೂಪಾಯಿ ಸುಂಕ ಏರಿತು. ಡೀಸೆಲ್ ಮೇಲಿನ ಕೇಂದ್ರದ ಸುಂಕ 31.83ಕ್ಕೆ ಮುಟ್ಟಿತು. ಇಳಿದ ದರ ನಮ್ಮ ಕೈಗೆ ಬರುವ ಮೊದಲೇ ಖಜಾನೆಗೆ ಹೋಯಿತು. 2021ರ ನವೆಂಬರ್ ಮತ್ತು 2022ರ ಮೇ ತಿಂಗಳಲ್ಲಿ ಆ ಸುಂಕವನ್ನು ಇಳಿಸಿದರು. ರಾಜ್ಯದ್ದೂ ಇದೇ ಕಥೆ: ಡೀಸೆಲ್ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 14.34ರಿಂದ 18.44ಕ್ಕೆ, 2025ರ ಏಪ್ರಿಲ್ 1ರಂದು 21.17ಕ್ಕೆ ಏರಿತು. ಅದೇ ಏಪ್ರಿಲ್‌ನಲ್ಲಿ ಕೇಂದ್ರವೂ 2 ರೂಪಾಯಿ ಸುಂಕ ಹೆಚ್ಚಿಸಿತು. ಕಚ್ಚಾ ತೈಲ ಇಳಿದಿದ್ದ ಕಾರಣ ಅದು ಬೋರ್ಡಿನಲ್ಲಿ ಕಾಣಲಿಲ್ಲ, ಕಂಪನಿಗಳ ಲಾಭದಲ್ಲೇ ಕರಗಿತು.

ಕಂಪನಿಗಳೂ ದರ ಹಿಡಿದಿಡುತ್ತವೆ. 2021ರ ನವೆಂಬರಿನಿಂದ, ಐದು ರಾಜ್ಯಗಳ ಚುನಾವಣೆ ಮುಗಿದು, 2022ರ ಮಾರ್ಚ್ 21ರವರೆಗೂ ಅವು ದರ ಏರಿಸಲಿಲ್ಲ. ಮರುದಿನದಿಂದ ಏಪ್ರಿಲ್ 6ರೊಳಗೆ ಲೀಟರಿಗೆ ಸುಮಾರು 10 ರೂಪಾಯಿ ಏರಿತು. ಏರಿದ ತೈಲದ ನಷ್ಟವನ್ನು ಆಮೇಲೆ ಇಳಿದಾಗ ತುಂಬಿಸಿಕೊಳ್ಳುತ್ತಾರೆ. ಆ ಅವಧಿಯಲ್ಲಿ ಬೋರ್ಡು ಅಲುಗುವುದಿಲ್ಲ.

ಹಂತ 6: ಅಳತೆ ನೋಡಿ

ದರ ನಮ್ಮ ಕೈಯಲ್ಲಿಲ್ಲ, ಅಳತೆ ಇದೆ. ಪ್ರತಿ ಬಂಕಿನಲ್ಲೂ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ 5 ಲೀಟರಿನ ಅಳತೆ ಪಾತ್ರೆ ಇರಬೇಕು. ಕೇಳಿದ ಗ್ರಾಹಕನಿಗೆ ಅಳೆದು ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರ್‌ವರೆಗೆ ವ್ಯತ್ಯಾಸಕ್ಕೆ ಅವಕಾಶವಿದೆ, ಅದಕ್ಕಿಂತ ಕಮ್ಮಿ ಬಂದರೆ ದೂರು ಕೊಡಬಹುದು.

ಲೆಕ್ಕವೆಲ್ಲ ಕೇಳಿದ ಕಾಕಾ ಬಿಲ್ಲು ಮಡಚಿ ಜೇಬಿಗಿಟ್ಟುಕೊಂಡು, ಬಂಕಿನ ಹುಡುಗನಿಗೆ “ತಮ್ಮಾ, ಆ ಅಳತಿ ಡಬ್ಬಿ ತಾರಪಾ” ಅಂದರು. ಹುಡುಗ ಮರುಮಾತಾಡದೆ ತಂದ. ಡೀಸೆಲ್ ಪಾತ್ರೆಯ ಕತ್ತಿನವರೆಗೆ ಬಂದು ನೊರೆ ಇಳಿಯುವ ತನಕ ಮೂವರೂ ಬಗ್ಗಿ ನಿಂತೆವು. ಸರಿಯಾಗಿ ಗೆರೆಗೆ ನಿಂತಿತು.