‘ಸ್ಟ್ರಾಂಗ್’ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು

ಮಡಿಕೇರಿಯ ಹೋಂಸ್ಟೇಗಳಲ್ಲಿ ಅತಿಥಿಗಳೊಡನೆ ಇಂಗ್ಲಿಷಿನಲ್ಲಿ ಮಾತನಾಡುವವರು ‘ಸ್ಟ್ರಾಂಗ್’ ಎಂಬ ಗುಣವಾಚಕಕ್ಕೆ ‘ಬಲವಾದ’ ಎಂಬ ಒಂದೇ ಅರ್ಥ ಸಾಲದು ಎಂಬುದನ್ನು ಮೊದಲು ಗಮನಿಸಬೇಕು. ಡಿಕಾಕ್ಷನ್ ಹೆಚ್ಚು ಬಿದ್ದು ಕಡುಗಂದು ಬಣ್ಣಕ್ಕೆ ತಿರುಗಿದ ಕಾಫಿ ‘ಸ್ಟ್ರಾಂಗ್ ಕಾಫಿ’. ತೋಟದ ಸಿಲ್ವರ್ ಓಕ್ ಮರಗಳನ್ನು ಬಾಗಿಸುವ ಗಾಳಿ ‘ಸ್ಟ್ರಾಂಗ್ ವಿಂಡ್’. ಆದರೆ ಕನ್ನಡದಲ್ಲಿ ಗಾಳಿಗೂ ಮಳೆಗೂ ‘ಜೋರು’ ಎಂಬ ಒಂದೇ ಪದ ಸಲ್ಲುವುದರಿಂದ, ನಮ್ಮಲ್ಲಿ ಹಲವರು ಅದೇ ಅಭ್ಯಾಸದಲ್ಲಿ ‘ಸ್ಟ್ರಾಂಗ್ ರೇನ್’ ಎಂದುಬಿಡುತ್ತಾರೆ. ಜುಲೈ ತಿಂಗಳ ನಮ್ಮ ಮಳೆಗೆ ‘ಹೆವಿ ರೇನ್’ ಎಂದೇ ಹೇಳಬೇಕು. ಎಲ್ಲಕ್ಕಿಂತ ಮೊದಲು ತಿದ್ದಿಕೊಳ್ಳಬೇಕಾದ ತಪ್ಪು ಇದೇ ಎಂದು ನನಗೆ ಅನ್ನಿಸುತ್ತದೆ. ಹೋಲಿಸುವಾಗ, ಅಂದರೆ ಅರೇಬಿಕಾ ತಳಿಯ ಕಾಫಿಗಿಂತ ರೋಬಸ್ಟಾ ತಳಿಯದು ಕಡಕ್ ಎನ್ನುವಾಗ, ‘ಸ್ಟ್ರಾಂಗರ್’ ಸಾಕು. ಅದಕ್ಕೆ ಮೊದಲು ‘ಮೋರ್’ ಸೇರಿಸಬಾರದು.