ಆಕ್ರಾಯ್ಡ್: ಒಂದು ಅಡ್ಡಹೆಸರಿನ ಬೇರು ಹುಡುಕಿದ್ದು

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ಗೆ ಬಂದು ನೆಲೆಸಿದ ಮೇಲೆ ಇಲ್ಲಿನವರ ಅಡ್ಡಹೆಸರುಗಳ ಬೇರು ಹುಡುಕುವ ಹುಚ್ಚು ನನಗೆ ಹಿಡಿಯಿತು. ಹೋಲ್ರಾಯ್ಡ್, ಬೂತ್‌ರಾಯ್ಡ್, ಮರ್ಗಟ್ರಾಯ್ಡ್, ಆಕ್ರಾಯ್ಡ್. ಪಶ್ಚಿಮ ಯಾರ್ಕ್‌ಷೈರ್‌ನಲ್ಲಿ ಇಂಥ ಹೆಸರುಗಳು ಎಲ್ಲಿ ನೋಡಿದರೂ ಸಿಗುತ್ತವೆ. ನನ್ನ ಜೊತೆ ಕೆಲಸ ಮಾಡುವ ಗೆಳೆಯರೊಬ್ಬರು ಆಕ್ರಾಯ್ಡ್ ಮನೆತನದವರು. ಅವರ ಮನೆಯ ಗೋಡೆಯ ಮೇಲೆ ‘ವಂಶದ ಲಾಂಛನ’ ಎಂದು ಚೌಕಟ್ಟು ಹಾಕಿಸಿದ ಚಿತ್ರವೊಂದಿತ್ತು. ಅಂಥವನ್ನು ಅಂಗಡಿಗಳಲ್ಲಿ ಮಾರುತ್ತಾರೆ. ಆದರೆ ಇಂಗ್ಲೆಂಡಿನಲ್ಲಿ ಲಾಂಛನ ಸಿಗುವುದು ಒಬ್ಬ ವ್ಯಕ್ತಿಗೆ, ಅವನಿಂದ ಅವನ ಸಂತತಿಗೆ. ಒಂದು ಅಡ್ಡಹೆಸರಿನವರಿಗೆಲ್ಲ ಸೇರಿದ ಲಾಂಛನ ಅನ್ನುವುದೇ ಇಲ್ಲ. ಅದನ್ನು ಬಿಟ್ಟು ದಾಖಲೆಗಳಿಂದ ಶುರು ಮಾಡೋಣ ಎಂದೆ. ಅವರು ಖುಷಿಯಿಂದ ಒಪ್ಪಿದರು.

ಆಕ್ರಾಯ್ಡ್ ಆಂಗ್ಲೋ-ಸ್ಯಾಕ್ಸನ್ನರ ಮಾತಿನಿಂದ ಬಂದ ಹೆಸರು. ಆಂಗ್ಲೋ-ಸ್ಯಾಕ್ಸನ್ ಹೆಸರು ಅಂದ ಕೂಡಲೇ ವಂಶವೂ 1066ಕ್ಕಿಂತ, ಅಂದರೆ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದುದಕ್ಕಿಂತ, ಹಿಂದಿನಿಂದ ಅದೇ ಹೆಸರಲ್ಲಿ ಬಂದಿದೆ ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಅಪ್ಪನಿಂದ ಮಗನಿಗೆ ಇಳಿಯುವ ಅಡ್ಡಹೆಸರು ಆಂಗ್ಲೋ-ಸ್ಯಾಕ್ಸನ್ನರಲ್ಲಿ ಇರಲಿಲ್ಲ. ಅವರ ಮಾತು ಮಾತ್ರ ನೆಲದಲ್ಲಿ ಉಳಿಯಿತು. ಹಳೇ ಇಂಗ್ಲಿಷಿನಲ್ಲಿ ‘ಆಕ್’ ಅಂದರೆ ಓಕ್ ಮರ, ‘ರೊಡು’ ಅಂದರೆ ಕಾಡು ಕಡಿದು ಮಾಡಿದ ಬಯಲು. ಯಾರ್ಕ್‌ಷೈರ್‌ನವರ ಬಾಯಲ್ಲಿ ಅದು ‘ರಾಯ್ಡ್’ ಆಯಿತು. ಅಲ್ಲಿ ಉಳುಮೆ ಮಾಡಿಕೊಂಡಿದ್ದವನಿಗೆ ಆ ಜಾಗದ ಹೆಸರೇ ಅಂಟಿತು. ಈ ಭಾಗದ ಸಾಮಾನ್ಯ ರೈತರಲ್ಲಿ ಇಂಥ ಹೆಸರುಗಳು ಗಟ್ಟಿಯಾಗಿ ನಿಂತದ್ದು ಸುಮಾರು 14ನೇ ಶತಮಾನದಲ್ಲಿ.

ಹುಡುಕಾಟ ಮಾತ್ರ ಇವತ್ತಿನಿಂದ ಹಿಂದಕ್ಕೇ ಹೋಗಬೇಕು. 1379ರ ಕಂದಾಯದ ಪಟ್ಟಿಯಲ್ಲಿ ಒಬ್ಬ ಆಕ್ರಾಯ್ಡ್ ಸಿಕ್ಕ ಅಂತ ಅವನನ್ನು ಮೂಲಪುರುಷ ಮಾಡಿಕೊಂಡು ಕೆಳಗಿಳಿದರೆ ಅದು ಸುಮ್ನೆ ಕಥೆ ಕಟ್ಟಿದ ಹಾಗೆ. ನಾವು ಮೊದಲು ಹಿಡಿದದ್ದು ಅವರ ಮುತ್ತಜ್ಜನ ಮದುವೆ ಸರ್ಟಿಫಿಕೇಟ್. ಇಂಗ್ಲೆಂಡಿನಲ್ಲಿ ಹುಟ್ಟು, ಮದುವೆ, ಸಾವುಗಳ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ಕ್ಕೆ. ಮದುವೆಯ ದಾಖಲೆಯಲ್ಲಿ ಗಂಡು, ಹೆಣ್ಣು ಇಬ್ಬರ ಅಪ್ಪಂದಿರ ಹೆಸರೂ ಕಸುಬೂ ಇರುತ್ತದೆ. ಹಾಗಾಗಿ ಒಂದೊಂದೇ ತಲೆಮಾರು ಹತ್ತಬಹುದು. ಜೊತೆಗೆ ಜನಗಣತಿ. 1841ರದ್ದರಲ್ಲಿ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ, ಹುಟ್ಟೂರಿನ ಹೆಸರೇ ಇಲ್ಲ. 1851ರದ್ದರಲ್ಲಿ ಹುಟ್ಟಿದ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರು, ಸಿಗುತ್ತದೆ. ನಮ್ಮ ಪುಣ್ಯಕ್ಕೆ ಮನೆಯ ಹಿರಿಯರೊಬ್ಬರು 1851ಕ್ಕೂ ಬದುಕಿದ್ದರು: ಮುದುಕ, ಕೈಮಗ್ಗದ ನೇಕಾರ, ಹುಟ್ಟಿದ್ದು ಹೆಪ್ಟನ್‌ಸ್ಟಾಲ್. ಹ್ಯಾಲಿಫ್ಯಾಕ್ಸ್‌ನ ಪಶ್ಚಿಮಕ್ಕೆ, ಗುಡ್ಡದ ತಲೆಯ ಮೇಲಿರುವ ಹಳ್ಳಿ.

ಅಲ್ಲಿನ ಆಂಗ್ಲಿಕನ್ ಚರ್ಚಿನ ಪುಸ್ತಕದಲ್ಲಿ ಆತನ ದೀಕ್ಷಾಸ್ನಾನದ ಸುಳಿವೇ ಇಲ್ಲ. ಈ ಕಡೆ ಆ ಚರ್ಚಿನಿಂದ ಬೇರೆಯಾದ ಮೆಥಡಿಸ್ಟರು, ಬ್ಯಾಪ್ಟಿಸ್ಟರು ಜಾಸ್ತಿ. ಹೆಪ್ಟನ್‌ಸ್ಟಾಲ್‌ನಲ್ಲೇ 1764ರ ಎಂಟು ಮೂಲೆಯ ಮೆಥಡಿಸ್ಟ್ ಚಾಪೆಲ್ ಇದೆ. ಅಂಥ ಚಾಪೆಲ್‌ಗಳ ಪುಸ್ತಕಗಳು 1837ರ ನಂತರ ಸರ್ಕಾರದ ಕೈ ಸೇರಿ, ಈಗ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಅದರಲ್ಲಿ ಸಿಕ್ಕ. ಆದರೆ ಅವನ ಅಪ್ಪ-ಅಮ್ಮನ ಮದುವೆ ಚರ್ಚಿನ ಪುಸ್ತಕದಲ್ಲೇ ಇತ್ತು. 1754ರಿಂದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು, ಯಹೂದಿಗಳನ್ನು ಬಿಟ್ಟು ಉಳಿದವರೆಲ್ಲ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕೆಂಬ ಕಾನೂನು ಇತ್ತಲ್ಲ, ಅದಕ್ಕೆ.

ಅಲ್ಲಿಂದ ಹಿಂದಕ್ಕೆ ಕಣ್ಣಿಗೆ ಕೆಲಸ. 17ನೇ ಶತಮಾನದ ಕೈಬರಹದಲ್ಲಿ ‘ಸಿ’ ಅಕ್ಷರ ಇವತ್ತಿನ ‘ಆರ್’ ಥರ ಕಾಣುತ್ತದೆ, ‘ಎಚ್’ನ ಬಾಲ ಕೆಳಗಿನ ಸಾಲಿಗೆ ಇಳಿಯುತ್ತದೆ. ಹೆಸರನ್ನು ‘ಕೆ’ ಹಾಕಿ, ‘ಸಿ’ ಹಾಕಿ, ನಡುವೆ ‘ವೈ’ ಸೇರಿಸಿ ಹೇಗೆ ಬೇಕೋ ಹಾಗೆ ಬರೆದಿದ್ದಾರೆ. ಗುಮಾಸ್ತ ಕಿವಿಗೆ ಬಿದ್ದದ್ದನ್ನು ಬರೆಯುತ್ತಿದ್ದ. ನಾನು ಕಾಗುಣಿತವನ್ನು ನಂಬದೆ ಮನೆಯ ಹೆಸರು, ಕಸುಬು, ಸಾಕ್ಷಿಗಳ ಹೆಸರು ಇವನ್ನೇ ಹಿಡಿದೆ. ತಾರೀಖಿನಲ್ಲೂ ಹುಷಾರಾಗಿರಬೇಕು. ಆಗ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. 1641ರ ಫೆಬ್ರವರಿ ಅಂದರೆ ನಮ್ಮ ಲೆಕ್ಕದಲ್ಲಿ 1642. ಇಂಗ್ಲೆಂಡ್ ಜನವರಿಗೆ ಬದಲಾದದ್ದು 1752ರಲ್ಲಿ.

ನನಗೆ ತುಂಬಾ ಹಿಡಿಸಿದ್ದು ಇದು: ಇಷ್ಟು ತಲೆಮಾರು ಹಿಂದಕ್ಕೆ ಹೋದರೂ ಈ ಕುಟುಂಬ ಕೆಲವೇ ಮೈಲಿಗಳ ಆಚೆಗೆ ಹೋಗಿಲ್ಲ. ಗುಡ್ಡದ ಮೇಲಿನ ಹೊಲ ಸಣ್ಣದು, ಮಣ್ಣು ಬಡವು. ಅದಕ್ಕೇ ಮನೆಯಲ್ಲೇ ಉಣ್ಣೆ ನೂತು, ಬಟ್ಟೆ ನೇಯ್ದು ಹ್ಯಾಲಿಫ್ಯಾಕ್ಸ್‌ಗೆ ತಂದು ಮಾರುತ್ತಿದ್ದರು. ಆ ವ್ಯಾಪಾರಕ್ಕೆಂದೇ 1779ರಲ್ಲಿ ಕಟ್ಟಿದ ಪೀಸ್ ಹಾಲ್ ಇವತ್ತೂ ನಿಂತಿದೆ. ಮುಂದೆ ಗಿರಣಿ ಕಟ್ಟಿ, ಕೆಲಸಗಾರರಿಗೆ ಆಕ್ರಾಯ್ಡನ್ ಎಂಬ ಬಡಾವಣೆ ಮಾಡಿಸಿದ ಎಡ್ವರ್ಡ್ ಆಕ್ರಾಯ್ಡ್ ಕೂಡ ಇದೇ ಹೆಸರಿನವನು. ಅವನೂ ಗೆಳೆಯರ ವಂಶವೂ ಒಂದೇ ಅನ್ನಲು ನಮ್ಮ ಬಳಿ ಕಾಗದವಿಲ್ಲ. ಹಾಗಾಗಿ ವಂಶವೃಕ್ಷದಲ್ಲಿ ಅವನನ್ನು ಸೇರಿಸಿಲ್ಲ.

ಹೆಪ್ಟನ್‌ಸ್ಟಾಲ್‌ನ ಪುಸ್ತಕ ಶುರುವಾಗುವುದೇ 1593ರಿಂದ. ಅದಕ್ಕೂ ಹಿಂದೆ 1379ರ ತಲೆಗಂದಾಯದ ಪಟ್ಟಿ ಇದೆ. ಬಡವರೂ ನಾಲ್ಕು ಪೆನ್ನಿ ಕೊಟ್ಟು ಹೆಸರು ಬರೆಸಿದ್ದಾರೆ. 1274ರಿಂದ ವೇಕ್‌ಫೀಲ್ಡ್ ಜಹಗೀರಿಯ ಕೋರ್ಟಿನ ಸುರುಳಿಗಳೂ ಇವೆ. ಕಾಡು ಕಡಿದು ಹೊಸ ನೆಲ ಹಿಡಿದವರು ಒಡೆಯನಿಗೆ ಕಟ್ಟಿದ ಹಣದ ಲೆಕ್ಕ ಅದರಲ್ಲಿದೆ. ನಡುವಿನ ಇನ್ನೂರು ವರ್ಷಕ್ಕೆ ಉಯಿಲುಗಳೇ ಗತಿ. ಅವು ಯಾರ್ಕ್‌ನ ಬಾರ್ತ್‌ವಿಕ್ ಸಂಸ್ಥೆಯಲ್ಲಿವೆ. ಈಗ ನಾವಿಬ್ಬರೂ ಅವನ್ನೇ ಓದುತ್ತಿದ್ದೇವೆ.